ಕೋವಿ ನಳಿಗೆಯಲ್ಲಿ ಗುಂಡು ಸಿಕ್ಕಿಕೊಂಡರೆ ಮಾಡಬೇಕಾದ್ದೇನು?

ತಾರಮಂಗಲಂ: ಕೈಲಾಸನಾಥರ್ ದೇವಸ್ಥಾನಕ್ಕೆ, ಮಗ್ಗದ ಸದ್ದಿಗೆ ಹೆಸರಾದ ಊರಿನಲ್ಲಿ ಕೋವಿಯ ಮಾತೇಕೆ ಎಂದು ಓದುಗರು ಕೇಳಬಹುದು. ಆದರೆ ಸೇಲಂ, ಧರ್ಮಪುರಿ ಜಿಲ್ಲೆಗಳ ಬೆಟ್ಟದ ಅಂಚಿನಿಂದ ಹಿಡಿದು ಅತ್ತ ಕೊಡಗು, ಮಲೆನಾಡಿನವರೆಗೆ ಹಂದಿಕಾಟಕ್ಕೆ ಕೋವಿ ಇಟ್ಟುಕೊಂಡ ರೈತರಿದ್ದಾರೆ. ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತರುವುದು ರೂಢಿ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ಕೋವಿಯ ನಳಿಗೆಯೊಳಗೆ ತುಕ್ಕು ಹಿಡಿಯುತ್ತದೆ, ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ತೋಟಾಗಳೂ ತೇವ ಹೀರುತ್ತವೆ.

ಅಪಾಯ ಶುರುವಾಗುವುದು ಇಲ್ಲಿಂದಲೇ. ಟ್ರಿಗರ್ ಎಳೆದಾಗ ತೋಟಾದ ಬುಡದ ಕೇಪು ಸಿಡಿದು ಮದ್ದಿಗೆ ಬೆಂಕಿ ತಗಲಬೇಕು. ಮದ್ದು ಒದ್ದೆಯಾಗಿದ್ದರೆ ಕೇಪಿನ ಅಲ್ಪ ಬಲಕ್ಕೆ ಗುಂಡು ಒಂದಿಷ್ಟು ದೂರ ಜಾರಿ ನಳಿಗೆಯ ನಡುವೆ ನಿಂತುಬಿಡುತ್ತದೆ. 'ಢಂ' ಎನ್ನುವ ಬದಲು 'ಟಪ್' ಎಂಬ ಸಣ್ಣ ಸದ್ದು, ಹೆಗಲಿಗೆ ಒದೆತವೇ ಇಲ್ಲ. ಗುರಿ ತಪ್ಪಿತೆಂದುಕೊಂಡು ಇನ್ನೊಂದು ಈಡು ಹೊಡೆದವನ ಗತಿ ಕಷ್ಟ. ಹೊರಹೋಗಲು ದಾರಿಯಿಲ್ಲದ ಅನಿಲ ನಳಿಗೆಯನ್ನು ಉಬ್ಬಿಸುತ್ತದೆ, ಇಲ್ಲವೇ ಸೀಳುತ್ತದೆ. ಸೀಳುವ ಜಾಗದಲ್ಲಿ ಸಾಮಾನ್ಯವಾಗಿ ಎಡಗೈ ಇರುತ್ತದೆ.

12 ಬೋರ್ ಕೋವಿಗೆ ಇನ್ನೊಂದು ಕಂಟಕವಿದೆ. ಗೊತ್ತಿಲ್ಲದೆ 20 ಬೋರ್ ತೋಟಾ ಹಾಕಿದರೆ ಅದು ಮುಂದಕ್ಕೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಕೋವಿ ಖಾಲಿ! ಅದರ ಹಿಂದೆ 12 ಬೋರ್ ತೋಟಾ ಹಾಕಿ ಹೊಡೆದರೆ ಕೇಳುವುದೇ ಬೇಡ. 20 ಬೋರ್ ತೋಟಾಗಳಿಗೆ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ. (ಬೋರ್ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣದು. ನಳಿಗೆಯ ಅಳತೆಯ ಎಷ್ಟು ಸೀಸದ ಗುಂಡು ಸೇರಿದರೆ ಒಂದು ಪೌಂಡ್ ಎಂಬುದೇ ಆ ಲೆಕ್ಕ.)

ಈಡು ಹಾರದಿದ್ದರೆ ಕೋವಿಯ ಬಾಯನ್ನು ಜನರಿಲ್ಲದ ಕಡೆಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಅಲುಗಾಡದೆ ನಿಲ್ಲಿ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಕೇಪಿನ ನಾಡಕೋವಿಯಾದರೆ ಇನ್ನೂ ಹೆಚ್ಚು ಹೊತ್ತು ಕಾಯಬೇಕು. ಆಮೇಲೆ ಕೋವಿ ಮಡಚಿ, ತೋಟಾ ತೆಗೆದು, ಹಿಂದಿನಿಂದ ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ನೋಡಿ. ಬಾಯಿಯ ಕಡೆಯಿಂದ ಎಂದೂ ಇಣುಕಬೇಡಿ. ಬೆಳಕು ಕಾಣದಿದ್ದರೆ ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಉಳಿದದ್ದು ಪರವಾನಗಿ ಇರುವ ರಿಪೇರಿಯವರದ್ದು.

ಅವರು ನಳಿಗೆ ಬಿಚ್ಚಿ, ಒಳಗೆ ಜೀವಂತ ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತೆಳು ಎಣ್ಣೆ ಬಿಟ್ಟು ನೆನೆಸುತ್ತಾರೆ. ನಂತರ ನಳಿಗೆಗೆ ಸರಿಹೊಂದುವ ಹಿತ್ತಾಳೆ ಸಲಾಕೆಯಿಂದ ಮೆಲ್ಲಗೆ ಬಡಿದು ಗುಂಡನ್ನು ಹೊರದೂಡುತ್ತಾರೆ. ಕಬ್ಬಿಣದ ಸರಳು ಒಳಮೈಯನ್ನು ಗೀರುತ್ತದೆ, ಮರದ ಕಡ್ಡಿ ಮುರಿದು ತಾನೂ ಸಿಕ್ಕಿಕೊಳ್ಳುತ್ತದೆ. ಒಳಗಿರುವುದು ಇಡೀ ತೋಟಾ ಆಗಿದ್ದರೆ ಅದರ ಕೇಪಿಗೆ ಪೆಟ್ಟು ಬಿದ್ದರೆ ಸಿಡಿಯುತ್ತದೆ. ಬಿಸಿ ಮಾಡುವುದು, ಡ್ರಿಲ್ ಹಾಕುವುದು, ಇನ್ನೊಂದು ಈಡಿನಿಂದ ತಳ್ಳುವುದು ಹುಚ್ಚುತನವೇ ಸರಿ. ನಾಡಕೋವಿಯಲ್ಲಿ ಮೊದಲು ಕೇಪು ತೆಗೆದು, ಕೇಪು ಕೂರುವ ತೂತಿನಿಂದ ನೀರು ಬಿಟ್ಟು ಕರಿಮದ್ದನ್ನು ನೆನೆಸಿ ಸತ್ವ ಕೆಡಿಸುತ್ತಾರೆ. ಆಮೇಲೆ ತುದಿಯಲ್ಲಿ ತಿರುಪಿರುವ ಕಡ್ಡಿಯಿಂದ ಗುಂಡನ್ನು ಎಳೆಯುತ್ತಾರೆ. ತೆಗೆದ ಮೇಲೂ ನಳಿಗೆ ಉಬ್ಬಿದೆಯೇ ಎಂದು ಪರೀಕ್ಷಿಸದೆ ಅದನ್ನು ಬಳಸುವಂತಿಲ್ಲ.

ಕೋವಿ ರಿಪೇರಿ ವ್ಯಾಪಾರಕ್ಕೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. ಊರ ಕಮ್ಮಾರನ ಬಳಿ ಒಯ್ದರೆ ಅವನಿಗೂ ಕೇಸು, ನಿಮಗೂ ತೊಂದರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ವಿಸ್ತರಿಸಿತು. ಆದರೆ ವಿನಾಯಿತಿ ಕಾನೂನಿನಿಂದಲೇ ಹೊರತು ಒದ್ದೆ ಮದ್ದಿನಿಂದಲ್ಲ.

ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ನಮ್ಮ ತಮಿಳುನಾಡಿನ ರಾಜ್ಯಪುಷ್ಪ ಸೆಂಗಾಂದಳವೂ ಅದೇ ಹೂವು! ಹಬ್ಬದ ಮಾರನೆಯ ದಿನವಾಗಲಿ, ಠಾಣೆಯಿಂದ ತಂದ ದಿನವಾಗಲಿ, ಮೊದಲ ತೋಟಾ ಹಾಕುವ ಮುನ್ನ ನಳಿಗೆಯೊಳಗೆ ಒಣಬಟ್ಟೆ ಕಟ್ಟಿದ ಕಡ್ಡಿಯನ್ನು ಒಮ್ಮೆ ಆಡಿಸಲು ಎರಡು ನಿಮಿಷ ಸಾಕು.