ಹಿಡಿತದ ಹದ

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರು ರೇಷ್ಮೆಯ ಸೀಮೆಗೆ ಸೇರಿದ ಊರು. ಹುಳು ಸಾಕುವ ಮನೆಗೆ ಸೋಂಕು ನಿವಾರಕ ಸಿಂಪಡಿಸುವುದು ಈ ಕಸುಬಿನ ಮೊದಲ ಕೆಲಸ. ಶೇಕಡಾ 0.3ರ ಸುಣ್ಣದ ನೀರಿಗೆ ಶೇಕಡಾ 2ರಷ್ಟು ಬ್ಲೀಚಿಂಗ್ ಪುಡಿ ಬೆರೆಸುವುದು ರೂಢಿಯಲ್ಲಿರುವ ಒಂದು ಕ್ರಮ. ಇದರ ಕರಗದ ಕಣಗಳು ಸಿಂಪಡಿಸುವ ಯಂತ್ರದ ಮೂತಿಯಲ್ಲಿ ಕಟ್ಟಿಕೊಳ್ಳುವುದುಂಟು. ಆಗ ಅದನ್ನು ಬಿಚ್ಚಿ ತೊಳೆಯಬೇಕು.

ಹಿತ್ತಾಳೆ ಉಕ್ಕಿಗಿಂತ ಮೆದುವಾದ ಲೋಹ. ಹಲ್ಲುಳ್ಳ ಇಕ್ಕಳದಿಂದ ಅಮುಕಿದರೆ ಅದರ ಅಂಚು ಸವೆದು, ತಿರುಪು ಕೆಡುವುದು. ಮೂತಿಗೆ ಆರು ಮುಖಗಳಿದ್ದರೆ ಅಳತೆಗೆ ತಕ್ಕ ಸ್ಪ್ಯಾನರೇ ಯೋಗ್ಯ. ಅದು ಮುಖಗಳನ್ನು ಒತ್ತಿ ಹಿಡಿಯುವುದರಿಂದ ಜಾರದು. ಒಳಗಿನ ರಬ್ಬರ್ ಬಿಲ್ಲೆಯನ್ನು ಚಿಮಟದಿಂದ ಮೆಲ್ಲನೆ ಎತ್ತಬೇಕು. ಮರಳಿ ಜೋಡಿಸುವಾಗ ಮೊದಲು ಬೆರಳಿನಿಂದಲೇ ತಿರುಗಿಸಬೇಕು.

ಮೂತಿ ಸೋರಿದರೆ ಮೂಲೆಗಳಿಗೆ ದ್ರಾವಣ ತಲುಪದು. ಅಲ್ಲಿ ಉಳಿದ ರೋಗಾಣುಗಳಿಂದ ಹಾಲುತೊಂಡೆಯಂತಹ ರೋಗ ಹಬ್ಬಿ ಇಡೀ ಬೆಳೆ ನಾಶವಾಗಬಹುದು. ತಕ್ಕ ಉಪಕರಣವನ್ನು ಆರಿಸಿಕೊಂಡ ರೈತನು ತನ್ನ ಗೂಡನ್ನೇ ಕಾಯುತ್ತಾನೆ.