ದಮ್ಮೂ ಅಲ್ಲ, ಧೂಳೂ ಅಲ್ಲ!

ಕರೂರು ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಒಬ್ಬರಿಗೆ ಏದುಸಿರು ಹತ್ತಿತು ಅನ್ನಿ. ಮೊದಲ ಅನುಮಾನ ಕಾರ್ಖಾನೆಯ ಧೂಳಿನ ಮೇಲೆ. ದಾವಣಗೆರೆ ಊರೊಳಗಿನವರಾದರೆ ಮಂಡಕ್ಕಿ ಭಟ್ಟಿಯ ಹೊಗೆಯ ಮೇಲೆ. ದಮ್ಮು ಎಂದು ಇನ್‌ಹೇಲರ್ ಕೈಗೆ ಬರುತ್ತದೆ. ಬಹುಪಾಲು ಸಲ ಆ ಊಹೆ ಸರಿಯೇ. ಆದರೆ ಎಲ್ಲೋ ಅಪರೂಪಕ್ಕೊಮ್ಮೆ ಇನ್‌ಹೇಲರ್ ಎಷ್ಟು ಎಳೆದರೂ ಸಿಳ್ಳೆ ನಿಲ್ಲುವುದಿಲ್ಲ, ಎಕ್ಸ್‌ರೇ ಮಾತ್ರ ಶುಭ್ರ! ಅಲ್ಲಿಂದ ಶುರುವಾಗುತ್ತದೆ ಪತ್ತೇದಾರಿ, ಜಾಡು ಶ್ವಾಸನಾಳದತ್ತ.

ಶ್ವಾಸನಾಳ ಇಡೀ 11 ಸೆಂಟಿಮೀಟರ್ ಆಸುಪಾಸು. ಹದಿನಾರರಿಂದ ಇಪ್ಪತ್ತು ಮೃದ್ವಸ್ಥಿಯ ಉಂಗುರ, ಕುದುರೆ ಲಾಳದಂತೆ ಹಿಂದೆ ಬಾಯಿ ತೆರೆದವು. ಆ ಬಾಯಿ ಮುಚ್ಚಿರುವುದು ನಮ್ಮ ಅಪ್ಪಣೆ ಕೇಳದ ನಯಸ್ನಾಯು. ಕೆಮ್ಮುವಾಗ ಅದು ಬಿಗಿದು ನಾಳವನ್ನು ಕಿರಿದಾಗಿಸುತ್ತದೆ, ಗಾಳಿ ರಭಸದಿಂದ ನುಗ್ಗಿ ಕಫವನ್ನು ಕಿತ್ತೊಗೆಯುತ್ತದೆ. ಇಂಥ ಸೇವಕನ ಜೀವಕೋಶವೇ ದಂಗೆಯೆದ್ದರೆ ಅದು ಲಿಯೋಮಯೋಸಾರ್ಕೋಮಾ ಎಂಬ ಕ್ಯಾನ್ಸರ್. ಶ್ವಾಸನಾಳದಲ್ಲೇ ಹುಟ್ಟುವ ಕ್ಯಾನ್ಸರ್ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಮೂವರಿಗೋ. ಅದರಲ್ಲೂ ಸಿಂಹಪಾಲು ಬೇರೆ ಜಾತಿಯವು. ಈ ಬಗೆಯದನ್ನು ವೈದ್ಯ ಪತ್ರಿಕೆಗಳು ಒಂದೊಂದೇ ರೋಗಿಯ ಕಥೆಯಾಗಿ ಅಚ್ಚು ಹಾಕುತ್ತವೆ!

ಮೋಸವೆಂದರೆ, ನಾಳದ ಅರ್ಧಕ್ಕಿಂತ ಹೆಚ್ಚು ಮುಚ್ಚುವ ತನಕ ದೇಹ ಅಷ್ಟಾಗಿ ದೂರುವುದಿಲ್ಲ. ಆಮೇಲೆ ಲೆಕ್ಕ ನಿರ್ದಯ: ತ್ರಿಜ್ಯ ಅರ್ಧಕ್ಕಿಳಿದರೆ, ಗಾಳಿ ಸುಳಿಯಿಲ್ಲದೆ ನೇರವಾಗಿ ಹರಿಯುತ್ತಿದೆ ಅಂದುಕೊಂಡರೂ, ತಡೆ ಹದಿನಾರು ಪಟ್ಟು.

ಸುಳಿವು ಕೊಡುವುದು ಸದ್ದು. ದಮ್ಮಿನ ಸಿಳ್ಳೆ ಹೆಚ್ಚಾಗಿ ಉಸಿರು ಬಿಡುವಾಗ, ಎದೆಯ ತುಂಬ. ನಾಳದ ಗಡ್ಡೆಯ ಸಿಳ್ಳೆ ಉಸಿರು ಎಳೆದುಕೊಳ್ಳುವಾಗಲೂ ಕೇಳುತ್ತದೆ, ಸ್ಟೆತಸ್ಕೋಪು ಕೊರಳ ಮೇಲಿಟ್ಟರೆ ಇನ್ನೂ ಜೋರು. ಊದುವ ಪರೀಕ್ಷೆಯಲ್ಲಿ ಗುಡ್ಡದಂತೆ ಏಳಬೇಕಾದ ಗೆರೆ ಮೇಲೆ ಕೆಳಗೆ ಎರಡೂ ಕಡೆ ಚಪ್ಪಟೆ. ಒಂದು ಕಾಗದದ ಗೆರೆ ಇಷ್ಟು ಹೇಳಬಲ್ಲದೇ!

ಸಿಟಿ ಸ್ಕ್ಯಾನ್ ಗಡ್ಡೆಯನ್ನು ತೋರಿಸುತ್ತದೆ. ತುಣುಕು ತೆಗೆಯುವುದು ಅಪಾಯದ ಕೆಲಸ: ಇರುವ ಕಿರಿದಾರಿಯಲ್ಲೇ ರಕ್ತ ಜಿನುಗಿದರೆ ಗತಿಯೇನು? ಅದಕ್ಕೇ ಉಕ್ಕಿನ ಗಟ್ಟಿ ಕೊಳವೆ, ಬ್ರಾಂಕೋಸ್ಕೋಪ್. 1897ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ವೈದ್ಯ ಗುಸ್ತಾವ್ ಕಿಲಿಯನ್ ರೈತನೊಬ್ಬನ ಶ್ವಾಸನಾಳದ ಕವಲಿಂದ ಮೂಳೆ ತೆಗೆದದ್ದು ಇದರ ಪೂರ್ವಜನಿಂದಲೇ. ಅದರೊಳಗಿಂದ ಉಸಿರೂ ಹೋಗುತ್ತದೆ, ಗಡ್ಡೆಯನ್ನೂ ಕೊರೆಯಬಹುದು. ಸೂಕ್ಷ್ಮದರ್ಶಕದಡಿ ಚುಟ್ಟಾದಂಥ ನ್ಯೂಕ್ಲಿಯಸ್ ಹೊತ್ತ ನೀಳ ಕೋಶಗಳು. ಆಕ್ಟಿನ್, ಡೆಸ್ಮಿನ್ ಎಂಬ ಪ್ರೋಟೀನುಗಳು ಬಣ್ಣ ಹಿಡಿದರೆ ಸ್ನಾಯುವಿನ ಗುರುತು ಸಿಕ್ಕಂತೆ.

ಚಿಕಿತ್ಸೆ ಇನ್ನೂ ಬೆರಗು. ರೋಗ ಹಿಡಿದ ಭಾಗವನ್ನೇ ಕತ್ತರಿಸಿ ಎರಡು ತುದಿ ಹೊಲಿಯುತ್ತಾರೆ, ವಯಸ್ಕರಲ್ಲಿ ಹೆಚ್ಚೆಂದರೆ ನಾಳದ ಅರ್ಧದವರೆಗೆ. ಬಾಸ್ಟನ್ನಿನ ಶಸ್ತ್ರವೈದ್ಯ ಹರ್ಮಿಸ್ ಗ್ರಿಲ್ಲೊ ಈ ವಿದ್ಯೆಯ ಗುರು. ನಾಳ ತೆರೆದಿರುವಷ್ಟು ಹೊತ್ತು ಅರಿವಳಿಕೆ ವೈದ್ಯರು ಕೆಳತುದಿಗೇ ಕೊಳವೆ ತೂರಿಸಿ ಉಸಿರಾಡಿಸುತ್ತಾರೆ! ಮುಗಿದ ಮೇಲೆ ಗದ್ದವನ್ನು ಎದೆಗೆ ಹೊಲಿದುಬಿಡುವ ರೂಢಿಯೂ ಉಂಟು, ಕತ್ತೆತ್ತಿ ಹೊಲಿಗೆ ಜಗ್ಗದಿರಲಿ ಎಂದು. ವಾರದ ಹೊತ್ತಿಗೆ ಬಿಚ್ಚುತ್ತಾರೆ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕೋಶ ಉಳಿದಿದ್ದರೆ ವಿಕಿರಣ. ಕೀಮೋದ ಪಾತ್ರ ಇಲ್ಲಿ ಸಣ್ಣದು. ಪೂರ್ತಿ ತೆಗೆಯಲಾದರೆ ವರ್ಷಗಟ್ಟಲೆ ಚೆನ್ನಾಗಿ ಬದುಕಿದವರಿದ್ದಾರೆ.