ಲೆಕ್ಕ ಬರೆದವರ ಮೇಲೂ ಹೊಣೆ ಬರುತ್ತದೆ

ತಪ್ಪು ಕಲ್ಪನೆ: ಮೋಸ ಮಾಡಿದ್ದು ಯಜಮಾನ. ನಾನು ಲೆಕ್ಕ ಬರೆದೆ, ಪತ್ರ ಟೈಪ್ ಮಾಡಿದೆ, ಅಷ್ಟೇ. ನಷ್ಟ ತುಂಬಿಕೊಡಬೇಕಾದವನು ಅವನೊಬ್ಬನೇ.

ಸತ್ಯ: ಅಮೆರಿಕದ ನ್ಯಾಯಾಲಯವೊಂದರಲ್ಲಿ ಇಂಥದೇ ವಾದ ನಿಲ್ಲಲಿಲ್ಲ. 1980ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನ ಹೃದ್ರೋಗ ತಜ್ಞ ಮೈಕೆಲ್ ಹಾಲ್ಬರ್‌ಸ್ಟಾಮ್ ಮನೆಗೆ ಬಂದಾಗ ಒಳಗೆ ಕಳ್ಳನಿದ್ದ. ಬರ್ನಾರ್ಡ್ ವೆಲ್ಚ್ ಎಂಬ ಆತ ಹಾರಿಸಿದ ಗುಂಡಿಗೆ ವೈದ್ಯರು ಬಲಿಯಾದರು. ವೆಲ್ಚ್‌ನದು ಹೊಟ್ಟೆಪಾಡಿನ ಕಳ್ಳತನವಲ್ಲ, ಬೇರುಬಿಟ್ಟ ವ್ಯಾಪಾರ. ಸಂಜೆ ಹೊತ್ತು ಕನ್ನ ಹಾಕುವುದು, ಕದ್ದ ಚಿನ್ನ ಬೆಳ್ಳಿಯನ್ನು ಮನೆಯಲ್ಲೇ ಕುಲುಮೆ ಹಾಕಿ ಕರಗಿಸುವುದು, ಗಟ್ಟಿ ಮಾಡಿ ಮಾರುವುದು. ಐದು ವರ್ಷ ಅವನೊಡನೆ ಬಾಳಿದ ಸಂಗಾತಿ ಕೊಳ್ಳುವವರಿಗೆ ಪತ್ರ ಬರೆಯುತ್ತಿದ್ದಳು, ಸರಕಿನ ಪಟ್ಟಿ ಇಡುತ್ತಿದ್ದಳು, ಬಂದ ಹಣದ ಲೆಕ್ಕ ನೋಡಿಕೊಳ್ಳುತ್ತಿದ್ದಳು.

ವೈದ್ಯರ ಪತ್ನಿ ಪರಿಹಾರ ಕೋರಿ ಆಕೆಯ ಮೇಲೂ ದಾವೆ ಹೂಡಿದರು. ಕಳ್ಳತನದ ವಿಷಯ ತನಗೆ ತಿಳಿದೇ ಇರಲಿಲ್ಲ ಎಂದಳು ಆಕೆ. ಆದರೆ ಅವಳೇ ಬರೆದ ಲೆಕ್ಕದಲ್ಲಿ ಮಾರಿದ್ದಿತ್ತು, ಕೊಂಡದ್ದು ಇರಲೇ ಇಲ್ಲ. ಕೊಳ್ಳದೆ ಮಾರುವ ಸರಕು ಎಲ್ಲಿಂದ ಬರುತ್ತದೆ? ಕೊಲೆಯಾದಾಗ ಅವಳು ಅಲ್ಲಿರಲಿಲ್ಲ ನಿಜ. ಆದರೂ ಕತ್ತಲಲ್ಲಿ ಪರರ ಮನೆ ಹೊಗುವ ದಂಧೆಯಲ್ಲಿ ಒಂದು ದಿನ ರಕ್ತ ಹರಿಯಬಹುದೆಂದು ಯಾರಾದರೂ ಊಹಿಸಬಹುದಿತ್ತು ಎಂಬುದು ನ್ಯಾಯಾಲಯದ ನಿಲುವು. 1983ರಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶೆ ಪೆಟ್ರೀಷಿಯಾ ವಾಲ್ಡ್ ಬರೆದ ತೀರ್ಪು, ಸುಮಾರು 57 ಲಕ್ಷ ಡಾಲರ್ ಪರಿಹಾರದ ಹೊಣೆ ಅವಳ ಮೇಲೂ ಇದೆ ಎಂಬುದನ್ನು ಎತ್ತಿಹಿಡಿಯಿತು.

ಕೆಲವರಿಗೆ ಇದು ಕಠಿಣ ಅನಿಸೀತು. ನನಗೆ ನ್ಯಾಯವೆಂದೇ ತೋರುತ್ತದೆ. ಲೆಕ್ಕ ಬರೆಯುವವರು, ಮಾರಿಕೊಡುವವರು ಇಲ್ಲದೆ ಅಷ್ಟು ದೊಡ್ಡ ದಂಧೆ ವರ್ಷಗಟ್ಟಲೆ ನಡೆಯುವುದಿಲ್ಲ.

ತಪ್ಪು ಕಲ್ಪನೆ: ಹಾಗಾದರೆ ಮೋಸಗಾರನ ಜೊತೆ ವ್ಯವಹಾರ ಇಟ್ಟುಕೊಂಡ ಎಲ್ಲರೂ ಸಿಕ್ಕಿಬೀಳುತ್ತಾರೆ.

ಸತ್ಯ: ಇಲ್ಲ. ತಿಳಿದಿತ್ತೇ, ನೆರವು ಗಣನೀಯವೇ, ಎಷ್ಟು ಕಾಲ ನಡೆಯಿತು, ಇಬ್ಬರ ಸಂಬಂಧ ಎಂಥದು ಎಂಬುದೆಲ್ಲ ತೂಗಿ ನೋಡಬೇಕು. 2017ರ ಹೊಸ ವರ್ಷದ ರಾತ್ರಿ ಇಸ್ತಾಂಬುಲ್‌ನ ನೈಟ್ ಕ್ಲಬ್ ಮೇಲೆ ನಡೆದ ದಾಳಿಯಲ್ಲಿ 39 ಜನ ಸತ್ತರು. ಉಗ್ರರು ಟ್ವಿಟರ್, ಫೇಸ್‌ಬುಕ್, ಯೂಟ್ಯೂಬ್ ಬಳಸುತ್ತಿದ್ದರೆಂದು ಸತ್ತವರೊಬ್ಬರ ಕುಟುಂಬ ಆ ಕಂಪನಿಗಳ ಮೇಲೆ ದಾವೆ ಹಾಕಿತು. ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ಹಾಲ್ಬರ್‌ಸ್ಟಾಮ್ ತೀರ್ಪನ್ನೇ ಅಳತೆಗೋಲಾಗಿ ಹಿಡಿದು ಒಮ್ಮತದಿಂದ ಆ ವಾದ ತಳ್ಳಿಹಾಕಿತು. ಎಲ್ಲರಿಗೂ ತೆರೆದಿಟ್ಟ ಸೇವೆಯನ್ನು ದುಷ್ಟರೂ ಬಳಸಿದರೆಂದ ಮಾತ್ರಕ್ಕೆ ಆ ದಾಳಿಗೆ ಬೇಕೆಂದೇ ನೆರವಾದಂತಲ್ಲ.

ತಪ್ಪು ಕಲ್ಪನೆ: ಕ್ರಿಮಿನಲ್ ಕೇಸು ಬಿದ್ದುಹೋದರೆ ಹಣ ಕಟ್ಟುವ ಪ್ರಶ್ನೆಯೂ ಮುಗಿಯಿತು.

ಸತ್ಯ: ಮುಗಿಯುವುದಿಲ್ಲ. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಸಿವಿಲ್ ದಾವೆಗೆ ಸಂಭವನೀಯತೆ ಯಾರ ಕಡೆ ಹೆಚ್ಚು ಎಂಬುದೇ ಸಾಕು.

ತಪ್ಪು ಕಲ್ಪನೆ: ಇದೆಲ್ಲ ಅಮೆರಿಕದ ಮಾತು. ನಮ್ಮದು ಲಿಮಿಟೆಡ್ ಕಂಪನಿ, ಸಾಲ ಕಂಪನಿಯದು.

ಸತ್ಯ: ನಮ್ಮ 2013ರ ಕಂಪನಿ ಕಾಯ್ದೆಯ 339ನೇ ಕಲಂ ಓದಿ ನೋಡಿ. ಸಾಲ ಕೊಟ್ಟವರನ್ನು ವಂಚಿಸುವ ಉದ್ದೇಶದಿಂದ ವ್ಯವಹಾರ ನಡೆದಿತ್ತೆಂದು ಕಂಪನಿ ಮುಚ್ಚುವ ಹೊತ್ತಿಗೆ ಕಂಡುಬಂದರೆ, ತಿಳಿದೂ ಅದರಲ್ಲಿ ಪಾಲುಗೊಂಡವರನ್ನು ಕಂಪನಿಯ ಸಾಲಕ್ಕೆ ಮಿತಿಯಿಲ್ಲದೆ ಸ್ವಂತ ಹೊಣೆ ಮಾಡಬಹುದು. ನಿರ್ದೇಶಕರಷ್ಟೇ ಅಲ್ಲ, ಹೊರಗಿನವರೂ ಇದರಲ್ಲಿ ಬರಬಹುದು. 2016ರ ದಿವಾಳಿ ಸಂಹಿತೆಯ 66ನೇ ಕಲಂ ಕೂಡ ಇಂಥವರಿಂದ ಹಣ ತುಂಬಿಸಿಕೊಳ್ಳಲು ಅವಕಾಶ ಕೊಡುತ್ತದೆ.

ನೀವು ಲೆಕ್ಕ ಬರೆಯುವವರಾಗಿದ್ದು, ಖರೀದಿಯ ಬಿಲ್ಲೇ ಇಲ್ಲದ ಮಾರಾಟ ಕಣ್ಣಿಗೆ ಬಿದ್ದರೆ ಯಜಮಾನರನ್ನು ಅದೇ ದಿನ ಬರಹದಲ್ಲಿ ಕೇಳಿ. ಸರಿಯಾದ ಉತ್ತರ ಬರುವವರೆಗೆ ಸಹಿ ಹಾಕಬೇಡಿ, ಒಬ್ಬ ವಕೀಲರನ್ನು ಕಾಣಿ.